ಮೂರು ಸೆಂಟಿನ ಟಿಕೆಟ್, ಮೂರು ಸೆಂಟಿನ ದೀಪ

ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಊರೇ ಒಡೆತನ ಹೊಂದಿರುವ ವಿದ್ಯುತ್ ಸಂಸ್ಥೆಯೊಂದಿದೆ: ಕ್ಲೀವ್‌ಲ್ಯಾಂಡ್ ಪಬ್ಲಿಕ್ ಪವರ್. ಅದರ ಚರಿತ್ರೆ ಶುರುವಾಗುವುದು ವಿದ್ಯುತ್ತಿನಿಂದಲ್ಲ, ಟ್ರಾಮಿನಿಂದ. 1901ರಿಂದ 1909ರವರೆಗೆ ನಾಲ್ಕು ಅವಧಿ ಮೇಯರ್ ಆಗಿದ್ದ ಟಾಮ್ ಎಲ್. ಜಾನ್ಸನ್ ಅವರಿಂದ.

ಜಾನ್ಸನ್ ಹುಟ್ಟಿದ್ದು 1854ರಲ್ಲಿ, ಕೆಂಟಕಿಯಲ್ಲಿ. ಅಂತರ್ಯುದ್ಧದಲ್ಲಿ ಮನೆತನದ ಸಿರಿಯೆಲ್ಲ ಕರಗಿತು. ಆಗ ಅವರಿದ್ದ ವರ್ಜೀನಿಯಾದ ಸ್ಟಾಂಟನ್ ಊರಿಗೆ ದಿನಕ್ಕೆ ಒಂದೇ ರೈಲು. ಅದರ ಕಂಡಕ್ಟರ್ ಹುಡುಗ ಟಾಮ್‌ನ ಮೇಲೆ ಅಕ್ಕರೆಯಿಟ್ಟು, ಇವನೊಬ್ಬನಿಗೇ ಪತ್ರಿಕೆ ತಂದು ಮಾರಲು ಬಿಟ್ಟ. ಪೈಪೋಟಿಯೇ ಇಲ್ಲ, ಹೇಳಿದ್ದೇ ಬೆಲೆ. ಐದು ವಾರಗಳಲ್ಲಿ 88 ಡಾಲರ್ ಕೈಸೇರಿತು. ಕಂಡಕ್ಟರ್ ಬದಲಾದ, ವ್ಯಾಪಾರವೂ ನಿಂತಿತು. ದುಡಿಮೆಗಿಂತ ಯಾರದೋ ಕೃಪೆಯಿಂದ ಸಿಗುವ ಏಕಸ್ವಾಮ್ಯದಲ್ಲೇ ಹೆಚ್ಚು ಲಾಭವಿದೆ ಎಂಬುದು ಅವರಿಗೆ ಅಂದೇ ತಿಳಿಯಿತು. ಅವರ ಮುಂದಿನ ಬದುಕೆಲ್ಲ ಈ ತಿಳಿವಳಿಕೆಯ ಎರಡು ಮುಖಗಳೆಂದು ನನಗೆ ತೋರುತ್ತದೆ.

ಮೊದಲು ಅದರಿಂದ ಶ್ರೀಮಂತರಾದರು. ಲೂಯಿವಿಲ್‌ನ ಟ್ರಾಮ್ ಕಂಪನಿಯಲ್ಲಿ ಹದಿಹರೆಯದಲ್ಲೇ ಕೆಲಸಕ್ಕೆ ಸೇರಿ, ಗಾಜಿನ ಹಣದ ಪೆಟ್ಟಿಗೆಯೊಂದನ್ನು ರೂಪಿಸಿದರು. ಪ್ರಯಾಣಿಕ ಹಾಕಿದ ನಾಣ್ಯ ಒಳಗೆ ಬೀಳುವ ಮುನ್ನ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆ ಪೇಟೆಂಟಿನ ಹಣವೇ ಬಂಡವಾಳವಾಗಿ ಇಂಡಿಯಾನಾಪೊಲಿಸ್, ಕ್ಲೀವ್‌ಲ್ಯಾಂಡ್‌ಗಳ ಟ್ರಾಮ್ ಮಾರ್ಗಗಳು, ಬಳಿಕ ಉಕ್ಕಿನ ಕಾರ್ಖಾನೆಗಳೂ ಅವರದಾದವು. ಹೀಗಿರುವಾಗ ಏಕಸ್ವಾಮ್ಯವನ್ನು ಖಂಡಿಸುತ್ತಿದ್ದ ಹೆನ್ರಿ ಜಾರ್ಜ್ ಅವರ ಅರ್ಥಶಾಸ್ತ್ರದ ಪುಸ್ತಕಗಳು ಕೈಗೆ ಬಂದವು. ‘ಪ್ರೋಗ್ರೆಸ್ ಆ್ಯಂಡ್ ಪಾವರ್ಟಿ’ಯನ್ನು ತಮ್ಮ ವಕೀಲರಿಗೆ ಕೊಟ್ಟು, ತಪ್ಪಿದ್ದರೆ ಹುಡುಕಿಕೊಡಿ ಎಂದರು. ವಕೀಲರೂ ಅದಕ್ಕೆ ಒಲಿದರು! ಜಾನ್ಸನ್ 1891ರಿಂದ 1895ರವರೆಗೆ ಸಂಸತ್ತಿನಲ್ಲಿದ್ದು, ಆಮೇಲೆ ವ್ಯಾಪಾರ ಬಿಟ್ಟು ಊರಿನ ಕೆಲಸಕ್ಕೆ ಇಳಿದರು.

ಅವರ ಸಭೆಗಳು ನಡೆಯುತ್ತಿದ್ದುದು ಡೇರೆಯಲ್ಲಿ. ಸರ್ಕಸ್ಸಿನವರ ಹಾಗೆ ಅದನ್ನು ಬಿಚ್ಚಿ, ವಾರ್ಡಿನಿಂದ ವಾರ್ಡಿಗೆ ಸಾಗಿಸುತ್ತಿದ್ದರು. ಭಾಷಣಕ್ಕಿಂತ ಪ್ರಶ್ನೋತ್ತರಕ್ಕೇ ಅಲ್ಲಿ ಹೆಚ್ಚು ಬೆಲೆ. ಅಡ್ಡಪ್ರಶ್ನೆ ಹಾಕುವವರನ್ನು ಮೇಯರ್ ಕರೆಕರೆದು ಮಾತಾಡಿಸುತ್ತಿದ್ದರು. ಅವರ ಜೊತೆಗಾರ ಪೀಟರ್ ವಿಟ್ ನಡೆಸಿದ ತೆರಿಗೆ ಶಾಲೆಯಲ್ಲಿ ಯಾರ ಜಾಗಕ್ಕೆ ಎಷ್ಟು ಬೆಲೆ ಕಟ್ಟಲಾಗಿದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಿದಾಗ, ಬಡವರ ಮನೆಗಿರುವ ಹೊರೆ ರೈಲ್ವೆ ಕಂಪನಿಗಳ ಆಸ್ತಿಗಿಲ್ಲವೆಂಬುದು ಜನಕ್ಕೆ ಗೊತ್ತಾಯಿತು. ಉದ್ಯಾನಗಳಲ್ಲಿ ಹುಲ್ಲು ತುಳಿಯಬೇಡಿ ಎಂಬ ಫಲಕಗಳನ್ನು ಕೀಳಿಸಿದರು. ಅಮೆರಿಕದಲ್ಲೇ ಅತ್ಯುತ್ತಮ ಆಡಳಿತವಿರುವ ನಗರ, ಅತ್ಯುತ್ತಮ ಮೇಯರ್ ಎಂದು 1905ರಲ್ಲಿ ಪತ್ರಕರ್ತ ಲಿಂಕನ್ ಸ್ಟೆಫೆನ್ಸ್ ಬರೆದದ್ದು ಇವರನ್ನು ಕುರಿತೇ.

ದೊಡ್ಡ ಕದನ ನಡೆದದ್ದು ಟ್ರಾಮ್ ದರದ ಮೇಲೆ. ಐದು ಸೆಂಟಿನ ಟಿಕೆಟ್ ಮೂರಕ್ಕೆ ಇಳಿಯಬೇಕು, ಟ್ರಾಮ್ ಊರಿನದಾಗಬೇಕು ಎಂದು ವರ್ಷಗಟ್ಟಲೆ ಕೋರ್ಟು, ತಡೆಯಾಜ್ಞೆಗಳೊಂದಿಗೆ ಸೆಣಸಿದರು. 1908ರಲ್ಲಿ ಮೂರು ಸೆಂಟಿನ ಓಡಾಟ ಊರಿಡೀ ಶುರುವಾಯಿತು. ಆದರೆ ಕಾರ್ಮಿಕರ ಮುಷ್ಕರ ಎದುರಾಯಿತು. ಅದೇ ವರ್ಷದ ಅಕ್ಟೋಬರಿನ ಜನಮತಗಣನೆಯಲ್ಲಿ ಯೋಜನೆಯೇ ಬಿದ್ದುಹೋಯಿತು. 1909ರಲ್ಲಿ ಅವರೂ ಸೋತರು. ಹಣ, ಆರೋಗ್ಯ ಎರಡೂ ಕೈಬಿಟ್ಟಿದ್ದವು. ಯೂಕ್ಲಿಡ್ ಅವೆನ್ಯೂದ ಭವ್ಯ ಮನೆ ತೊರೆದಿದ್ದರು. 1911ರ ಏಪ್ರಿಲ್ 10ರಂದು ತೀರಿಕೊಂಡರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹೆನ್ರಿ ಜಾರ್ಜ್ ಸಮಾಧಿಯ ಸಮೀಪವೇ ಅವರನ್ನು ಮಣ್ಣು ಮಾಡಿದರು.

ಟ್ರಾಮಿನಲ್ಲಿ ಕೈಗೂಡದ್ದು ದೀಪದಲ್ಲಿ ಕೈಗೂಡಿತು. 1905ರಲ್ಲಿ ಸೌತ್ ಬ್ರೂಕ್ಲಿನ್ ಗ್ರಾಮವನ್ನು ನಗರಕ್ಕೆ ಸೇರಿಸಿಕೊಂಡಾಗ ಅಲ್ಲಿನ ಸಣ್ಣ ವಿದ್ಯುತ್ ಸ್ಥಾವರವೂ ಜೊತೆಗೇ ಬಂದಿತ್ತು. ಮಾರಿಬಿಡಿ ಎಂದವರ ಮಾತಿಗೆ ಜಾನ್ಸನ್ ಸೊಪ್ಪು ಹಾಕಲಿಲ್ಲ. ಅವರ ಕಾಲದಲ್ಲಿ ನಗರದ ಕಾನೂನು ಅಧಿಕಾರಿಯಾಗಿದ್ದ ನ್ಯೂಟನ್ ಬೇಕರ್ ತಾವೇ ಮೇಯರ್ ಆಗಿ, 1914ರಲ್ಲಿ ದೊಡ್ಡ ಸ್ಥಾವರ ತೆರೆದರು. ಯೂನಿಟ್ಟಿಗೆ ಮೂರೇ ಸೆಂಟು. 1978ರಲ್ಲಿ ನಗರಕ್ಕೆ ಸಾಲ ಕೊಟ್ಟ ಬ್ಯಾಂಕುಗಳು ಈ ವಿದ್ಯುತ್ ಸಂಸ್ಥೆಯನ್ನು ಮಾರುವಂತೆ ಪಟ್ಟು ಹಿಡಿದಾಗ ಮೇಯರ್ ಡೆನಿಸ್ ಕುಸಿನಿಚ್ ಒಪ್ಪಲಿಲ್ಲ. ನಗರ ಸಾಲ ತೀರಿಸಲಾರದೆ ಕೈಚೆಲ್ಲಿತು. ಮರುವರ್ಷ ಫೆಬ್ರುವರಿಯಲ್ಲಿ ಮತದಾರರು ತಮ್ಮ ಮೇಲಿನ ಆದಾಯ ತೆರಿಗೆ ಏರಿಸಿಕೊಂಡು, ಸಂಸ್ಥೆಯನ್ನು ಉಳಿಸಿಕೊಂಡರು.