ಒಂದು ಪದ, ಒಂದು ಕಥೆ | ಭಾಗ 6: ಸೋಂಕು

'ಸೋಂಕು' ಅಂದ ತಕ್ಷಣ ನಿಮಗೆ ಏನು ನೆನಪಾಗತ್ತೆ? ನಂಗಂತೂ 2020. ಮಾಸ್ಕು, ಸೀಲ್‌ಡೌನ್, ಸಂಜೆ ಟಿವಿಯಲ್ಲಿ ಇವತ್ತಿನ ಲೆಕ್ಕ. ಆದ್ರೆ ಈ ಪದ ಹುಟ್ಟಿದ್ದು ಕಾಯಿಲೆಗೋಸ್ಕರ ಅಲ್ಲ.

ಹಳಗನ್ನಡದಲ್ಲಿ ಸೋಂಕು ಅಂದ್ರೆ ಮುಟ್ಟು, ತಾಗು. ಅಷ್ಟೇ. ಸ್ಕೂಲಲ್ಲಿ ಪಂಪನ ಬನವಾಸಿ ಪದ್ಯ ಬಾಯಿಪಾಠ ಮಾಡಿದ್ದು ನೆನಪಿದೆಯಾ? 10ನೇ ಶತಮಾನದ 'ವಿಕ್ರಮಾರ್ಜುನ ವಿಜಯ'ದ್ದು. ಅದರ ಶುರುವಲ್ಲೇ ದಕ್ಷಿಣದ ಗಾಳಿ ಮೈಗೆ ತಾಗಿದ್ರೂ ಸಾಕು, ಮನಸ್ಸು ಬನವಾಸಿ ಕಡೆ ಓಡತ್ತೆ. ಆ ತಾಗೋದಕ್ಕೆ ಪಂಪ ಬಳಸಿದ ಕ್ರಿಯಾಪದ ಇದೇ ಸೋಂಕು! ಎಷ್ಟು ಹಿತವಾದ ಪದ ಆಗಿತ್ತು ನೋಡಿ.

ಆಮೇಲೆ ಏನಾಯ್ತು? ಒಳ್ಳೆಯದು ತಾಗಿದ ಹಾಗೆ ಕೆಟ್ಟದ್ದೂ ತಾಗತ್ತಲ್ವಾ. ಹಳ್ಳಿಯಲ್ಲಿ ಯಾರಾದ್ರೂ ಇದ್ದಕ್ಕಿದ್ದಂತೆ ಮಂಕಾದ್ರೆ 'ಗಾಳಿ ಸೋಕಿದೆ' ಅಂತಾರೆ. ಅಲ್ಲೂ ಗಾಳಿಯೇ, ಅಲ್ಲೂ ಸೋಕೋದೇ. ಆದ್ರೆ ಈ ಗಾಳಿ ಅಂದ್ರೆ ದೆವ್ವ. ಹಾಗೇ ರೋಗ ತಾಗೋದಕ್ಕೂ ಇದೇ ಪದ ಬಂತು.

ಇದರ ಜೊತೆಗಾರ 'ಸಾಂಕ್ರಾಮಿಕ' ಸಂಸ್ಕೃತದ್ದು. ಸಂಕ್ರಮಣ ಅಂದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟೋದು. ಸೂರ್ಯ ಮಕರ ರಾಶಿಗೆ ದಾಟಿದ್ರೆ ಸಂಕ್ರಾಂತಿ, ಕಾಯಿಲೆ ನನ್ನಿಂದ ನಿಮಗೆ ದಾಟಿದ್ರೆ ಸಾಂಕ್ರಾಮಿಕ. ಮುಟ್ಟೋದು, ಉಸಿರು, ಜೊತೆಗೆ ಊಟ, ಒಂದೇ ಹಾಸಿಗೆ, ಒಬ್ಬರ ಬಟ್ಟೆ ಇನ್ನೊಬ್ಬರು ಹಾಕೋದು, ಇವುಗಳಿಂದ ಕೆಲವು ರೋಗ ಮನುಷ್ಯರಿಂದ ಮನುಷ್ಯರಿಗೆ ದಾಟುತ್ತವೆ ಅಂತ 'ಸುಶ್ರುತ ಸಂಹಿತೆ' ಪಟ್ಟಿಯನ್ನೇ ಕೊಡುತ್ತೆ. ಸೂಕ್ಷ್ಮದರ್ಶಕ ಬರೋಕೆ ಎಷ್ಟೋ ಶತಮಾನ ಮೊದಲು!

ಇನ್ನು ಕೊರೊನಾ ಕಾಲದಲ್ಲಿ ದಿನಾ ಕೇಳಿದ ಪದ 'ಸೋಂಕಿತ'. ಅಚ್ಚಗನ್ನಡದ ಸೋಂಕಿಗೆ ಸಂಸ್ಕೃತದ ಬಾಲ. ವ್ಯತ್ಯಾಸ ಗಮನಿಸಿ: 'ಸೋಂಕು ತಗುಲಿದೆ' ಅಂದ್ರೆ ನಾಳೆ ಹೋಗಬಹುದು. 'ಸೋಂಕಿತ' ಅಂದ್ರೆ ಅದೇ ಆ ಮನುಷ್ಯರ ಹೆಸರಾಗಿಬಿಡತ್ತೆ.

ನಮ್ಮ ಬೀದಿಯ ಒಬ್ಬ ಆಂಟಿ ಆಸ್ಪತ್ರೆಯಿಂದ ಹುಷಾರಾಗಿ ಬಂದ್ರು. ತಿಂಗಳಾದ್ರೂ ಅವರ ಮನೆಗೆ 'ಸೋಂಕಿತರ ಮನೆ' ಅಂತಲೇ ಹೆಸರು. ಅವರು ಗೇಟ್ ಹತ್ರ ನಿಂತು ನಕ್ಕಾಗ ನಾನೂ ತಲೆ ತಗ್ಗಿಸಿಕೊಂಡು ಹೋದವನೇ. ರೋಗ ಬಿಟ್ಟುಹೋಗಿತ್ತು, ಪದ ಬಿಟ್ಟಿರಲಿಲ್ಲ.

ಮುಂದಿನ ಸಲ ಯಾರಿಗಾದ್ರೂ ಕಾಯಿಲೆ ಬಂದ್ರೆ ದೂರ ನಿಲ್ಲಿ, ಮಾಸ್ಕ್ ಹಾಕಿ, ಸರಿ. ಆದ್ರೆ ಅವರನ್ನ ಹೆಸರು ಹಿಡಿದೇ ಕರೀರಿ.

ನಿಮ್ಮೂರಲ್ಲಿ ಅಂಟುರೋಗಕ್ಕೆ ಏನಂತಾರೆ? ಅಜ್ಜಿನ ಕೇಳಿ ಕಾಮೆಂಟ್ ಮಾಡಿ.

#ಒಂದುಪದಒಂದುಕಥೆ #ಕನ್ನಡ #ಪದಚರಿತ್ರೆ