ಲೈಂಗಿಕ ಮತ್ತು ಲಿಂಗತ್ವ ವೈವಿಧ್ಯದ ಮನೋವಿಜ್ಞಾನ: ಇತಿಹಾಸ

ಮನುಷ್ಯರ ಲೈಂಗಿಕ ಒಲವು ಮತ್ತು ಲಿಂಗತ್ವದ ಅರಿವಿನಲ್ಲಿ ಕಾಣುವ ವೈವಿಧ್ಯವನ್ನು ಅಧ್ಯಯನ ಮಾಡುವ ಮನೋವಿಜ್ಞಾನದ ಶಾಖೆ. ಸಲಿಂಗಕಾಮವು 1973ರಲ್ಲಿ ಮನೋರೋಗಗಳ ಪಟ್ಟಿಯಿಂದ ಹೊರಬಿತ್ತು ಎಂಬ ಒಂದೇ ಮಾತಿನಲ್ಲಿ ಇದರ ಇತಿಹಾಸವನ್ನು ಮುಗಿಸುವುದುಂಟು. ವಾಸ್ತವದಲ್ಲಿ ಆ ಬದಲಾವಣೆ ಎರಡು ಬೇರೆ ಬೇರೆ ಪಟ್ಟಿಗಳಲ್ಲಿ ಹಂತಹಂತವಾಗಿ, ಸುಮಾರು ಅರ್ಧ ಶತಮಾನ ನಡೆಯಿತು. ಲಿಂಗತ್ವದ ವಿಷಯದಲ್ಲಂತೂ ಅದು ಹಿಡಿದ ದಾರಿಯೇ ಬೇರೆ.

ಆರಂಭ

ಮನೋವೈದ್ಯ ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ 1886ರಲ್ಲಿ ಪ್ರಕಟಿಸಿದ ‘ಸೈಕೋಪಾಥಿಯಾ ಸೆಕ್ಷುಯಾಲಿಸ್’ ಸಲಿಂಗಕಾಮವನ್ನು ವಿಕೃತಿಗಳ ಸಾಲಿಗೆ ಸೇರಿಸಿತು. ಜರ್ಮನ್ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಸಲಿಂಗಕಾಮವನ್ನು ಸಹಜ ವೈವಿಧ್ಯವೆಂದು ವಾದಿಸಿ 1919ರಲ್ಲಿ ಬರ್ಲಿನ್ನಿನಲ್ಲಿ ಸಂಶೋಧನ ಸಂಸ್ಥೆ ತೆರೆದರು. 1933ರ ಮೇ ತಿಂಗಳಲ್ಲಿ ನಾಜಿಗಳು ಅದನ್ನು ಲೂಟಿ ಮಾಡಿ ಗ್ರಂಥಭಂಡಾರವನ್ನು ಸುಟ್ಟರು.

ಹೂಕರ್ ಅಧ್ಯಯನ

ಅಲ್ಲಿಯವರೆಗಿನ ಸಂಶೋಧನೆಗಳು ಬಹುಮಟ್ಟಿಗೆ ಚಿಕಿತ್ಸೆಗೆ ಬಂದವರನ್ನು ಇಲ್ಲವೇ ಸೆರೆಮನೆಯಲ್ಲಿದ್ದವರನ್ನು ಆಧರಿಸಿದ್ದವು. ಅಮೆರಿಕದ ಮನೋವಿಜ್ಞಾನಿ ಎವೆಲಿನ್ ಹೂಕರ್ ಈ ಪದ್ಧತಿಯನ್ನು ಬಿಟ್ಟರು. ಚಿಕಿತ್ಸೆಯಲ್ಲಿರದ 30 ಸಲಿಂಗಕಾಮಿ ಮತ್ತು 30 ಭಿನ್ನಲಿಂಗಕಾಮಿ ಪುರುಷರನ್ನು ವಯಸ್ಸು, ಬುದ್ಧಿಮತ್ತೆ, ಓದು ಹೊಂದುವಂತೆ ಜೋಡಿ ಮಾಡಿ, ರೋರ್ಶಾಕ್ ಮಸಿಕಲೆ ಪರೀಕ್ಷೆಯೂ ಸೇರಿದಂತೆ ಮೂರು ಪರೀಕ್ಷೆಗಳಿಗೆ ಒಳಪಡಿಸಿದರು. ಉತ್ತರಗಳು ಯಾರವೆಂದು ತಿಳಿಯದ ಪರಿಣತರು ಎರಡು ಗುಂಪುಗಳ ಮಾನಸಿಕ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋರ್ಶಾಕ್ ಉತ್ತರಗಳಿಂದ ಸಲಿಂಗಕಾಮಿ ಯಾರೆಂದು ಗುರುತಿಸುವ ಯತ್ನವೂ ಬರಿಯ ಊಹೆಗಿಂತ ಮೇಲೇರಲಿಲ್ಲ. 1957ರಲ್ಲಿ ಪ್ರಕಟವಾದ ಈ ಅಧ್ಯಯನದ ಮಾದರಿ ಚಿಕ್ಕದು, ಅದರಲ್ಲಿ ಮಹಿಳೆಯರೂ ಇರಲಿಲ್ಲ. ಆದರೂ ಸಲಿಂಗಕಾಮ ತನ್ನಷ್ಟಕ್ಕೆ ರೋಗಲಕ್ಷಣ ಎಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದು ಇದರ ಮಹತ್ವ.

1973 ಮತ್ತು ಆಮೇಲೆ

ಅಮೆರಿಕನ್ ಮನೋವೈದ್ಯ ಸಂಘದ ಕೈಪಿಡಿಯಾದ ಡಿಎಸ್‌ಎಂ 1952ರ ಮೊದಲ ಆವೃತ್ತಿಯಿಂದಲೇ ಸಲಿಂಗಕಾಮವನ್ನು ರೋಗವೆಂದು ಪಟ್ಟಿ ಮಾಡಿತ್ತು. 1970ರಿಂದ ಸಂಘದ ವಾರ್ಷಿಕ ಸಮ್ಮೇಳನಗಳಲ್ಲಿ ಪ್ರತಿಭಟನೆ ನಡೆಯಿತು. 1972ರಲ್ಲಿ ಮನೋವೈದ್ಯ ಜಾನ್ ಫ್ರೈಯರ್ ಮುಖವಾಡ ತೊಟ್ಟು, ಹೆಸರು ಮರೆಸಿ, ತಾನೂ ಸಲಿಂಗಕಾಮಿ ಎಂದು ವೇದಿಕೆಯ ಮೇಲೆ ಹೇಳಿಕೊಂಡರು. 1973ರ ಡಿಸೆಂಬರ್ 15ರಂದು ಸಂಘದ ಆಡಳಿತ ಮಂಡಳಿ ಸಲಿಂಗಕಾಮವನ್ನು ಪಟ್ಟಿಯಿಂದ ತೆಗೆಯಲು ನಿರ್ಧರಿಸಿತು.

ಈ ತೀರ್ಮಾನ ಮತ ಎಣಿಸಿ ಆದದ್ದು ಎಂಬ ಆಕ್ಷೇಪ ಇಂದಿಗೂ ಕೇಳಿಬರುತ್ತದೆ. ಆದರೆ ಸದಸ್ಯರ ಮತದಾನ ನಡೆದದ್ದು 1974ರಲ್ಲಿ, ಮಂಡಳಿ ತೀರ್ಮಾನಿಸಿದ ಮೇಲೆ, ಅದನ್ನು ವಿರೋಧಿಸಿದವರ ಒತ್ತಾಯದಿಂದ. ಮತ ಹಾಕಿದವರಲ್ಲಿ ಸುಮಾರು ಶೇ. 58 ಮಂದಿ ಮಂಡಳಿಯ ಪರ ನಿಂತರು. ಇನ್ನೊಂದು ಗೊಂದಲ ಸಂಸ್ಥೆಗಳ ಹೆಸರಿನದು. ಅಮೆರಿಕನ್ ಮನೋವಿಜ್ಞಾನ ಸಂಘ ಬೇರೆಯೇ ಸಂಸ್ಥೆ. ಅದು ಈ ನಿಲುವನ್ನು ಬೆಂಬಲಿಸಿದ್ದು 1975ರ ಜನವರಿಯಲ್ಲಿ.

ಹಾಗೆಂದು 1973ರಲ್ಲಿ ಎಲ್ಲವೂ ಮುಗಿಯಲಿಲ್ಲ. ತಮ್ಮ ಒಲವಿನಿಂದ ಸಂಕಟಪಡುವವರಿಗೆಂದು ಹೊಸದೊಂದು ರೋಗನಾಮ ಬಂತು. 1980ರ ಮೂರನೆಯ ಆವೃತ್ತಿಯಲ್ಲಿ ಅದರ ಹೆಸರು ಬದಲಾಯಿತು, 1987ರಲ್ಲಿ ಕೈಬಿಡಲಾಯಿತು. ಅದರ ಕುರುಹು ‘ಇತರೆ’ ವರ್ಗದೊಳಗೆ 2013ರವರೆಗೆ ಉಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಾದ ಐಸಿಡಿಯ ಹತ್ತನೆಯ ಆವೃತ್ತಿಗೆ 1990ರ ಮೇ 17ರಂದು ಒಪ್ಪಿಗೆ ಸಿಕ್ಕಿದಾಗ ಸಲಿಂಗಕಾಮ ಅದರಲ್ಲಿರಲಿಲ್ಲ. ಒಲವಿನ ಬಗೆಗಿನ ಸಂಕಟಕ್ಕೆ ಕೊಟ್ಟಿದ್ದ ರೋಗನಾಮ ಮಾತ್ರ ಹನ್ನೊಂದನೆಯ ಆವೃತ್ತಿ ಬರುವವರೆಗೂ ಇತ್ತು.

ಲಿಂಗತ್ವ

ಸಲಿಂಗಕಾಮ ಪಟ್ಟಿಯಿಂದ ಹೊರಹೋಗುತ್ತಿದ್ದ ಹೊತ್ತಿಗೇ ಲಿಂಗತ್ವ ಒಳಬಂತು. 1980ರ ಡಿಎಸ್‌ಎಂ ಲಿಂಗತ್ವ ಅಸ್ಮಿತೆಯ ಅಸ್ವಸ್ಥತೆಗಳನ್ನು ರೋಗವರ್ಗವಾಗಿ ಸೇರಿಸಿತು. 2013ರ ಆವೃತ್ತಿ ‘ಲಿಂಗತ್ವ ಅಸ್ಮಿತೆಯ ಅಸ್ವಸ್ಥತೆ’ ಎಂಬ ಹೆಸರನ್ನು ಬಿಟ್ಟು, ಅಸ್ಮಿತೆಯ ಬದಲು ಅದರೊಂದಿಗೆ ಬರಬಹುದಾದ ತೀವ್ರ ಸಂಕಟವನ್ನು ಹೆಸರಿಸಿತು. 2019ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಈ ವಿಷಯವನ್ನು ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದಿಂದ ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸಾಗಿಸಿತು. ಚಿಕಿತ್ಸೆ ಬೇಕಾದವರಿಗೆ ಅದು ಸಿಗುವ ದಾರಿ ಮುಚ್ಚಬಾರದೆಂಬ ಕಾರಣಕ್ಕೆ ಪೂರ್ತಿ ತೆಗೆಯಲಿಲ್ಲ.

ಭಾರತದಲ್ಲಿ

ಬೆಂಗಳೂರಿನಲ್ಲಿ ಹುಟ್ಟಿದ ಗಣಿತ ಪ್ರತಿಭೆ ಶಕುಂತಲಾ ದೇವಿ 1977ರಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಪ್ರಕಟಿಸಿದರು. ಭಾರತದಲ್ಲಿ ಸಂದರ್ಶನಗಳನ್ನು ಆಧರಿಸಿ ಈ ವಿಷಯದ ಬಗ್ಗೆ ಬಂದ ಮೊದಮೊದಲ ಪುಸ್ತಕಗಳಲ್ಲಿ ಇದೂ ಒಂದು. ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಲಿಂಗತ್ವವನ್ನು ನಿರ್ಧರಿಸಲು ದೇಹದ ಪರೀಕ್ಷೆಗಿಂತ ಮನಸ್ಸಿನ ಅರಿವೇ ಮುಖ್ಯವೆಂದು ಹೇಳಿ, ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವುದು ಕಾನೂನುಬಾಹಿರವೆಂದಿತು. ಸಲಿಂಗಕಾಮ ಮನೋರೋಗವಲ್ಲವೆಂದು ಭಾರತೀಯ ಮನೋವೈದ್ಯ ಸಂಘ 2018ರಲ್ಲಿ ಹೇಳಿಕೆ ನೀಡಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನಿಂದ ಹೊರಗಿಟ್ಟಿತು. ಒಲವನ್ನು ‘ಸರಿಪಡಿಸುವ’ ಹೆಸರಿನ ಪರಿವರ್ತನಾ ಚಿಕಿತ್ಸೆ ಆಮೇಲೂ ನಿಲ್ಲಲಿಲ್ಲ. ಅದನ್ನು ತಡೆಯುವಂತೆ ಮದ್ರಾಸ್ ಹೈಕೋರ್ಟ್ 2021ರಲ್ಲಿ ಆದೇಶಿಸಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿದುರ್ನಡತೆಯೆಂದು ಸಾರಿ ರಾಜ್ಯ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು.