ಸಾಹೇಬರ ಹಬ್ಬ, ಸಿಬ್ಬಂದಿಯ ಹಾಜರಿ

ಡಿಸೆಂಬರ್ ತಿಂಗಳ ಕೊನೆಯ ವಾರ. ಬಳ್ಳಾರಿಯ ಗಾಂಧಿನಗರದ ಯಾವುದೋ ಒಂದು ಖಾಸಗಿ ಕಚೇರಿ. ಸಂಜೆ ಐದಕ್ಕೆ ಕಂಪ್ಯೂಟರುಗಳು ಆರುತ್ತವೆ. ಮೇಜುಗಳನ್ನು ಗೋಡೆಗೆ ಸರಿಸಿ, ನಡುವೆ ಬೇಕರಿಯಿಂದ ತಂದ ಕೇಕು ಇಡಲಾಗುತ್ತದೆ. ಮ್ಯಾನೇಜರು ಕತ್ತರಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಮೊಟ್ಟೆ ತಿನ್ನದವರು ಕೇಕಿನ ತುಂಡನ್ನು ಏನು ಮಾಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಸಿರುಗುಪ್ಪ, ಕುರುಗೋಡಿನ ಬಸ್ಸು ಹಿಡಿಯಬೇಕಾದವರ ಕಣ್ಣು ಗಡಿಯಾರದ ಮೇಲೆ. ಆದರೂ ಸಾಹೇಬರು ಹೊರಡುವ ಮುನ್ನ ಯಾರೂ ಹೊರಡುವುದಿಲ್ಲ.

ಇದು ಪರದೇಶದಿಂದ ಬಂದ ಚಾಳಿ ಎಂದು ಮೂಗು ಮುರಿಯುವವರುಂಟು. ಕೇಕು ಪರದೇಶದ್ದು ನಿಜ. ಆದರೆ ಮೇಲಿನವರ ಹಬ್ಬಕ್ಕೆ ಕೆಳಗಿನವರು ಹಾಜರಿ ಹಾಕುವ ಪದ್ಧತಿ ಈ ಸೀಮೆಗೆ ಹೊಸದೇ?

ಮಹಾನವಮಿಯ ಕರೆ

2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಡುವವರೆಗೂ ಹಂಪಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಲ್ಲಿಯ ಮಹಾನವಮಿ ದಿಬ್ಬ ಇಂದಿಗೂ ನಿಂತಿದೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, ಹಬ್ಬಕ್ಕೆಂದು ದೊರೆ ತನ್ನ ಅಧೀನದ ಪಾಳೆಯಗಾರರಿಗೂ ಸರದಾರರಿಗೂ ಕರೆ ಕಳುಹಿಸಿದ್ದನ್ನು ಬರೆದಿದ್ದಾನೆ. ಮೂರು ನಾಲ್ಕು ತಿಂಗಳ ಪ್ರಯಾಣದಷ್ಟು ದೂರದ ಪ್ರಾಂತಗಳಿಂದಲೂ ಅವರು ಆನೆಗಳನ್ನು ಸಿಂಗರಿಸಿಕೊಂಡು ಬಂದಿದ್ದರಂತೆ.

ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ಹಬ್ಬದ ಆ ಒಂಬತ್ತು ದಿನಗಳಲ್ಲೇ ರಾಜನಿಗೆ ಸಲ್ಲಬೇಕಾದ ಹಣವೂ ಸಲ್ಲುತ್ತಿತ್ತು. ಅಂದರೆ ಕುಸ್ತಿ, ನೃತ್ಯ, ಬಾಣಬಿರುಸುಗಳ ಜೊತೆಜೊತೆಗೇ ಲೆಕ್ಕಪತ್ರವೂ ನಡೆಯುತ್ತಿತ್ತು. ಬಂದವನ ನಿಷ್ಠೆ ಕಣ್ಣಿಗೆ ಕಾಣುತ್ತಿತ್ತು. ಬಾರದವನ ಗೈರುಹಾಜರಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

ನಿಂಬೆಹಣ್ಣಿನ ಭೇಟಿ

1800ರಲ್ಲಿ ಹೈದರಾಬಾದಿನ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 'ದತ್ತ ಮಂಡಲ'ದ ಆಡಳಿತವನ್ನು ಥಾಮಸ್ ಮನ್ರೋ 1807ರವರೆಗೆ ನೋಡಿಕೊಂಡ. 1808ರಲ್ಲಿ ಬಳ್ಳಾರಿ ಪ್ರತ್ಯೇಕ ಜಿಲ್ಲೆಯಾಯಿತು. ದಂಡು ಬಂತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದ. ಕಲೆಕ್ಟರ ಕಚೇರಿಯ ಜೊತೆಗೆ ಸಿರಸ್ತೇದಾರ, ಗುಮಾಸ್ತ, ಜವಾನರ ಒಂದು ಲೋಕವೇ ಬೆಳೆಯಿತು. ಅವರಲ್ಲಿ ಬಹುಮಂದಿಗೆ ಕ್ರಿಸ್‌ಮಸ್ ಮನೆಯ ಹಬ್ಬವಲ್ಲ, ಸಾಹೇಬರ ಹಬ್ಬ.

ಉತ್ತರ ಭಾರತದಲ್ಲಿ ಕ್ರಿಸ್‌ಮಸ್ಸಿಗೆ 'ಬಡಾ ದಿನ' ಎಂಬ ಹೆಸರೇ ಬಿತ್ತು. ಅಂದು ಹಣ್ಣು, ಹೂವು, ಮಿಠಾಯಿ ತುಂಬಿದ ತಟ್ಟೆಗಳನ್ನು ಸಾಹೇಬರ ಬಂಗಲೆಗೆ ಒಯ್ಯಲಾಗುತ್ತಿತ್ತು. ಈ ಕಾಣಿಕೆಗೆ 'ಡಾಲಿ' ಎನ್ನುತ್ತಿದ್ದರು. ದಕ್ಷಿಣದಲ್ಲಿ ಹೊಸ ವರ್ಷದ ದಿನ ನಿಂಬೆಹಣ್ಣು ಹಿಡಿದು ಮೇಲಧಿಕಾರಿಯನ್ನು ಕಾಣುವುದು ವಾಡಿಕೆಯಾಯಿತು. ನಿಂಬೆಹಣ್ಣಿಗೆ ಬೆಲೆ ಎಷ್ಟು? ಏನೂ ಇಲ್ಲ. ಬೆಲೆ ಇದ್ದದ್ದು ಹಣ್ಣಿಗಲ್ಲ, ಬಾಗಿಲಲ್ಲಿ ಕಾದು ನಿಂತದ್ದಕ್ಕೆ.

ಕಾಣಿಕೆ ಎಲ್ಲಿ ಮುಗಿಯುತ್ತದೆ, ಲಂಚ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಕಂಪನಿಯನ್ನು ಮೊದಲಿನಿಂದಲೂ ಕಾಡಿತ್ತು. 1773ರ ರೆಗ್ಯುಲೇಟಿಂಗ್ ಕಾಯ್ದೆ ಅಧಿಕಾರಿಗಳು ದೇಶೀಯರಿಂದ ಉಡುಗೊರೆ ಪಡೆಯುವುದನ್ನು ನಿಷೇಧಿಸಿತ್ತು. ಆದರೆ ಹಣ್ಣು ಹೂವಿನ ತಟ್ಟೆ ಮಾತ್ರ ಬಂಗಲೆಯ ಮೆಟ್ಟಿಲು ಹತ್ತುತ್ತಲೇ ಇತ್ತು.

ಡಿಕನ್ಸ್ ಕಂಡ ಪಾರ್ಟಿ

ಇತ್ತ ಹೀಗಿರಲು, ಅತ್ತ ಇಂಗ್ಲೆಂಡಿನಲ್ಲಿ ಗುಮಾಸ್ತರ ಪಾಡು ಹೇಗಿತ್ತು? 1843ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸ್ 'ಎ ಕ್ರಿಸ್‌ಮಸ್ ಕ್ಯಾರಲ್' ಪ್ರಕಟಿಸಿದ. ಅದರಲ್ಲಿ ಜುಗ್ಗ ಸ್ಕ್ರೂಜ್ ತನ್ನ ಗುಮಾಸ್ತನಿಗೆ ಒಂದು ದಿನದ ರಜೆಯನ್ನು ಗೊಣಗುತ್ತಲೇ ಕೊಡುತ್ತಾನೆ, ಮರುದಿನ ಇನ್ನೂ ಬೇಗ ಬರಬೇಕೆಂದು ತಾಕೀತು ಮಾಡುತ್ತಾನೆ. ಅದೇ ಸ್ಕ್ರೂಜ್ ಹುಡುಗನಾಗಿದ್ದಾಗ ಅವನ ಯಜಮಾನ ಫೆಜಿವಿಗ್ ಉಗ್ರಾಣವನ್ನು ಗುಡಿಸಿ, ದೀಪ ಹಚ್ಚಿ, ಪಿಟೀಲಿನವನನ್ನು ಕರೆಸಿ ಎಲ್ಲರನ್ನೂ ಕುಣಿಸಿದ್ದ. ಅಡುಗೆಯವಳಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಅಲ್ಲಿದ್ದರು. ಖರ್ಚಾದದ್ದು ಮೂರೋ ನಾಲ್ಕೋ ಪೌಂಡು.

ಕಚೇರಿ ಪಾರ್ಟಿಯ ಆದರ್ಶ ಎಂದು ಇಂದಿಗೂ ಹೇಳುವುದು ಈ ದೃಶ್ಯವನ್ನೇ. ಆದರೆ ಡಿಕನ್ಸ್ ಒಂದು ಸಣ್ಣ ವಿವರವನ್ನು ಮರೆಯಲಿಲ್ಲ. ಅತಿಥಿಗಳೆಲ್ಲ ಹೋದ ಮೇಲೆ ಕೆಲಸದ ಹುಡುಗರು ಮಲಗಿದ್ದು ಅದೇ ಅಂಗಡಿಯ ಹಿಂಭಾಗದ ಕೌಂಟರಿನ ಕೆಳಗೆ. ಪಾರ್ಟಿ ಮುಗಿದರೂ ಅವರು ಕಚೇರಿಯಲ್ಲೇ ಇದ್ದರು!

ಪಟ್ಟಿ ಎತ್ತುವವರಿಗೆ ನಿಯಮ

ಸ್ವಾತಂತ್ರ್ಯದ ನಂತರ ಸಾಹೇಬರು ಬದಲಾದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ದೊಡ್ಡ ಹಬ್ಬವೆಂದರೆ ಆಯುಧಪೂಜೆ ಎಂಬುದು ಊರೂರಲ್ಲೂ ಗಟ್ಟಿಯಾಯಿತು. ಟೈಪ್‌ರೈಟರಿಗೆ ಕುಂಕುಮ, ಜೀಪಿಗೆ ಬಾಳೆಕಂದು, ಬಾಗಿಲಲ್ಲಿ ಬೂದುಗುಂಬಳ, ಕೊನೆಗೆ ಪುರಿ ಸಿಹಿಯ ಪೊಟ್ಟಣ. ಆದರೆ ಪಟ್ಟಿ ಎತ್ತುವ ಪದ್ಧತಿ ಉಳಿಯಿತು. ಸಾಹೇಬರ ವರ್ಗಾವಣೆಯಾದರೆ ಶಾಲು, ಹಾರ. ಹೆಸರಿನ ಮುಂದೆ ಮೊತ್ತ. 'ಇಲ್ಲ' ಎನ್ನುವ ಧೈರ್ಯ ಜವಾನನಿಗೆ ಎಲ್ಲಿಂದ ಬರಬೇಕು?

ಈ ಮುಜುಗರ ಕಾನೂನು ಬರೆದವರಿಗೂ ತಿಳಿದಿತ್ತು. ಕೇಂದ್ರ ಸರಕಾರಿ ನೌಕರರ 1964ರ ನಡತೆ ನಿಯಮಗಳು ಬೀಳ್ಕೊಡುಗೆಯ ಕೂಟಕ್ಕೆ ಹಣ ಕೊಡುವಂತೆ ಯಾರ ಮೇಲೂ ಒತ್ತಡ ತರಬಾರದೆನ್ನುತ್ತವೆ. ಮೇಲಿನ ದರ್ಜೆಯವರ ಸತ್ಕಾರಕ್ಕಾಗಿ ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರಿಂದ ಯಾವ ಸಂದರ್ಭದಲ್ಲೂ ವಂತಿಗೆ ಎತ್ತಕೂಡದೆಂದೂ ಹೇಳುತ್ತವೆ. ಒಂದು ನಿಯಮವನ್ನು ಇಷ್ಟು ಬಿಡಿಸಿ ಬರೆಯಬೇಕಾಯಿತೆಂದರೆ ರೂಢಿ ಎಷ್ಟು ಆಳವಾಗಿ ಬೇರೂರಿತ್ತು ಎಂಬುದನ್ನು ಊಹಿಸಬಹುದು.

ಈಗ ಕಾಲ ಮತ್ತೆ ಹೊರಳಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಂದ ಜಿಲ್ಲಾ ಕೇಂದ್ರಗಳವರೆಗೆ ವರ್ಷಾಂತ್ಯದ ಪಾರ್ಟಿ ಬಂದಿದೆ. ಚೀಟಿ ಎತ್ತಿ ಗುಟ್ಟಾಗಿ ಉಡುಗೊರೆ ಕೊಡುವ ಆಟ, ಕೆಂಪು ಟೊಪ್ಪಿಗೆ, ಹಾಡು ಕುಣಿತ ಎಲ್ಲವೂ ಇವೆ. ಹಲವೆಡೆ ಖರ್ಚು ಕಂಪನಿಯದೇ. ನೌಕರ ತೆರಬೇಕಾದದ್ದು ಸಮಯ ಮತ್ತು ಒಂದು ನಗೆ. ಒಲ್ಲದ ಕುಣಿತ, ಒಲ್ಲದ ತಮಾಷೆ ಹೆಣ್ಣುಮಕ್ಕಳಿಗೆ ಇನ್ನೂ ಭಾರ. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಕೆಲಸದ ನಿಮಿತ್ತ ಹೋದ ಜಾಗವೂ ಕೆಲಸದ ಸ್ಥಳವೇ ಎಂದಿದೆ. ಪಾರ್ಟಿಯ ಹೆಸರಿನಲ್ಲಿ ಮರ್ಯಾದೆಗೆ ರಜೆ ಇಲ್ಲ.

ಹಾಗೆಂದು ಕೂಡಿ ಉಣ್ಣುವುದೇ ತಪ್ಪೆಂದಲ್ಲ. ವರ್ಷವಿಡೀ ಫೈಲಿನ ಮೇಲಷ್ಟೇ ಮಾತನಾಡಿದವರು ಒಂದು ಸಂಜೆ ಮಕ್ಕಳು ಮರಿ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದೇ. ಆ ಸಂಜೆ ಹಬ್ಬವೋ ಹಾಜರಿಯೋ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಬರಲಾರೆ ಎಂದವನನ್ನು ಮರುದಿನ ಹೇಗೆ ನೋಡುತ್ತಾರೆ? ಕೇಕಿನ ಚೂರು, ಬಣ್ಣದ ಕಾಗದ ಗುಡಿಸುವವರಿಗೆ ಆ ಕೇಕಿನ ಒಂದು ತುಂಡು ಸಿಕ್ಕಿತೇ?